ಚುಚ್ಚುಮದ್ದೂ ಮನಸ್ಸಾಕ್ಷಿಯೂ

2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಲಸಿಕಾ ಅಭಿಯಾನವು ರಾಜ್ಯದ ಶಾಲೆಗಳಿಗೆ ಬಂದಿತು. ಒಂಬತ್ತು ತಿಂಗಳು ತುಂಬಿದ ಕೂಸಿನಿಂದ ಹದಿನೈದು ವರ್ಷದೊಳಗಿನವರವರೆಗೆ ಎಲ್ಲ ಮಕ್ಕಳಿಗೂ ಒಂದು ಚುಚ್ಚುಮದ್ದು ನೀಡುವುದು ಸರಕಾರದ ಸಂಕಲ್ಪವಾಗಿತ್ತು. ಅದರ ಬೆನ್ನಲ್ಲೇ ಮೊಬೈಲುಗಳಲ್ಲಿ ವದಂತಿಗಳೂ ಹರಿದಾಡಿದವು. ಹೆದರಿದ ಪೋಷಕರು ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡರು.

ನಮ್ಮಲ್ಲಿ ಶಾಲಾ ಪ್ರವೇಶಕ್ಕೆ ಲಸಿಕೆ ಕಡ್ಡಾಯವಲ್ಲ. ಆದ್ದರಿಂದ ವಿನಾಯಿತಿಯ ಅರ್ಜಿಯೂ ಇಲ್ಲ. ಅಮೆರಿಕೆಯಲ್ಲಿ ಎರಡೂ ಉಂಟು. ಅಲ್ಲಿ ವಿನಾಯಿತಿ ಪಡೆದವರು ನಾಡಿನಲ್ಲೆಲ್ಲ ಸಮನಾಗಿ ಹರಡಿಕೊಂಡಿಲ್ಲ, ಒಂದೊಂದೆಡೆ ಗುಂಪುಗೂಡಿದ್ದಾರೆ. ದಡಾರವನ್ನು ತಡೆಯಲು ನೂರರಲ್ಲಿ 95 ಮಂದಿಗೆ ರಕ್ಷಣೆಯಿರಬೇಕು. ಟೆಕ್ಸಾಸಿನ ಗೇನ್ಸ್ ಕೌಂಟಿಯಲ್ಲಿ ಶಾಲಾಮಕ್ಕಳ ಪೈಕಿ ಶೇ. 14ರಷ್ಟು ಮಂದಿಗೆ ವಿನಾಯಿತಿಯಿತ್ತು. 2025ರಲ್ಲಿ ರೋಗವು ಅಲ್ಲಿಯೇ ಹೊತ್ತಿಕೊಂಡಿತು. ಆ ರಾಜ್ಯದಲ್ಲಿ 762 ಮಂದಿಗೆ ತಗಲಿ, ಲಸಿಕೆ ಪಡೆಯದ ಇಬ್ಬರು ಶಾಲಾಮಕ್ಕಳು ತೀರಿಕೊಂಡರು. ರಾಜ್ಯದ ಸರಾಸರಿಯನ್ನಷ್ಟೇ ನೋಡಿದವರಿಗೆ ಈ ಅಪಾಯ ಕಾಣುತ್ತಿರಲಿಲ್ಲ.

ಕಥೋಲಿಕರಾದ ನಮಗೆ ಇಲ್ಲೊಂದು ಮುಳ್ಳಿನ ಪ್ರಶ್ನೆಯೂ ಇದೆ. ರುಬೆಲ್ಲಾ ಲಸಿಕೆಯನ್ನು ಬೆಳೆಸುವ ಜೀವಕೋಶಗಳ ಮೂಲವು 1960ರ ದಶಕದಲ್ಲಿ ಗರ್ಭಪಾತಕ್ಕೊಳಗಾದ ಭ್ರೂಣದ ಅಂಗಾಂಶ. ಇದನ್ನರಿತು ಹಿಂಜರಿಯುವವರನ್ನು ನಾವು ಹಗುರವಾಗಿ ಕಾಣಲಾರೆವು. ಆದರೆ ವ್ಯಾಟಿಕನ್ನಿನ ಜೀವಪರ ಅಕಾಡೆಮಿಯು 2005ರಲ್ಲಿಯೇ, ಬೇರೆ ಲಸಿಕೆ ದೊರೆಯದಿದ್ದಾಗ ಇದನ್ನು ಬಳಸಬಹುದೆಂದೂ, ಬದಲಿ ಲಸಿಕೆಗಾಗಿ ಒತ್ತಾಯಿಸುತ್ತಿರಬೇಕೆಂದೂ ತಿಳಿಸಿತು. 2017ರಲ್ಲಿ ಅದು ಇನ್ನೂ ಸ್ಪಷ್ಟವಾಗಿ ಇತರರ ರಕ್ಷಣೆಗಾಗಿ ಲಸಿಕೆ ಹಾಕಿಸುವ ನೈತಿಕ ಹೊಣೆಯನ್ನು ನೆನಪಿಸಿತು. ಗರ್ಭಿಣಿಗೆ ರುಬೆಲ್ಲಾ ತಗಲಿದರೆ ಒಡಲಲ್ಲಿರುವ ಶಿಶುವಿನ ಕಣ್ಣು, ಕಿವಿ, ಹೃದಯಗಳಿಗೆ ಕೇಡು. ಕೆಲವೊಮ್ಮೆ ಶಿಶುವೇ ಉಳಿಯುವುದಿಲ್ಲ. ಹುಟ್ಟದ ಜೀವದ ಹೆಸರಿನಲ್ಲಿ ಲಸಿಕೆಯನ್ನು ತಿರಸ್ಕರಿಸುವವರು ಇದನ್ನೂ ತೂಗಿ ನೋಡಬೇಕಲ್ಲವೇ?

ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆಯನ್ನು ಹರಡಿದವರಲ್ಲಿ ಒಬ್ಬರು ನಮ್ಮ ಗುರುಗಳೇ ಎಂಬುದನ್ನು ಇಂದು ನೆನೆಯುವವರು ಕಡಿಮೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಚದರಿದ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಫ್ರೆಂಚ್ ಗುರು ಆಬೆ ದ್ಯುಬ್ವಾ ಅವರನ್ನು ಜನರು ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದರು.

ಇನ್ನು ನಮ್ಮ ಬಣಕಲ್ ಸೀಮೆ. ಇಲ್ಲಿ ಲಸಿಕೆಯಿಂದ ಮಗುವನ್ನು ದೂರವಿಡುವುದು ತತ್ತ್ವಕ್ಕಿಂತ ಹೆಚ್ಚಾಗಿ ದಾರಿ ಮತ್ತು ಕೂಲಿ ಎಂಬುದು ನಮ್ಮ ಅಭಿಪ್ರಾಯ. ಕಾಫಿ ಕೊಯ್ಲಿಗೆ ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ಬರುವ ಕುಟುಂಬಗಳು ಒಂದು ತೋಟದ ಲೈನಿನಿಂದ ಇನ್ನೊಂದಕ್ಕೆ ಹೋಗುತ್ತಿರುತ್ತವೆ. ತಾಯಿ ಕಾರ್ಡು ಊರಿನ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ. ಆಶಾ ಕಾರ್ಯಕರ್ತೆ ಗುಡ್ಡ ಹತ್ತಿ ಬರುವ ಹೊತ್ತಿಗೆ ತಾಯಿ ಹಣ್ಣು ಕೊಯ್ಯಲು ಹೋಗಿರುತ್ತಾಳೆ; ಅರ್ಧ ದಿನದ ಕೂಲಿ ಬಿಟ್ಟು ಪೇಟೆಗಿಳಿಯುವುದು ಆಕೆಗೆ ಸುಲಭವಲ್ಲ. ಇಂಥ ವಿನಾಯಿತಿಗೆ ಯಾರೂ ಸಹಿ ಹಾಕಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ತೋಟದ ಮಾಲೀಕರೂ ಇದ್ದಾರೆ, ರೈಟರುಗಳೂ ಇದ್ದಾರೆ. ಲಸಿಕೆಯ ದಿನ ಕೂಲಿ ಮುರಿಯದೆ ತಾಯಂದಿರನ್ನು ಕಳುಹಿಸಿಕೊಡಲು, ತೋಟದ ಜೀಪನ್ನು ಒಂದು ಗಂಟೆ ಬಿಟ್ಟುಕೊಡಲು ಅವರಿಗೆ ಸಾಧ್ಯ. ಆಯಾ ವಾಳೆಯ ಗುರಿಕಾರರು ಲೈನುಗಳಲ್ಲಿರುವ ಐದು ವರ್ಷದೊಳಗಿನ ಮಕ್ಕಳ ಹೆಸರನ್ನು, ಯಾವ ಜಾತಿ, ಯಾವ ಮತವೆಂದು ಕೇಳದೆ, ಬರೆದುಕೊಟ್ಟರೆ ಆರೋಗ್ಯ ಕಾರ್ಯಕರ್ತೆಯರಿಗೆ ದೊಡ್ಡ ಉಪಕಾರ. ದಡಾರ–ರುಬೆಲ್ಲಾ ಲಸಿಕೆಯ ಎರಡು ವರಸೆಗಳು ಸಕಾಲದಲ್ಲಿ ತಪ್ಪಿಹೋಗಿದ್ದರೂ ಐದು ವರ್ಷ ತುಂಬುವವರೆಗೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ. ಕಾರ್ಡು ಕಳೆದಿದ್ದರೂ ಮಗುವನ್ನು ಕರೆದೊಯ್ಯಬಹುದು.