ಉಷ್ಣದ ತಲೆಗೆ ಕಟ್ಟಿದ ಮೂಲವ್ಯಾಧಿ

ದೇವನಹಳ್ಳಿ ಸೀಮೆಯಲ್ಲಿ ಗಂಡಸಿಗೆ ಬೆಳಗಿನ ಹೊತ್ತು ಮಲದ ಜೊತೆ ರಕ್ತ ಕಂಡರೆ ಮೊದಲು ಸಿಕ್ಕಿಬೀಳುವುದು ‘ಉಷ್ಣ’. ಹಿಂದಿನ ರಾತ್ರಿಯ ಕೋಳಿಸಾರು, ಖಾರದ ಬಜ್ಜಿ, ಕಾದ ಡ್ರೈವರ್ ಸೀಟು, ಇವುಗಳಲ್ಲಿ ಯಾವುದೋ ಒಂದರ ತಲೆಗೆ ಕಾಯಿಲೆಯನ್ನು ಕಟ್ಟಿ, ಎರಡು ಎಳನೀರು ಕುಡಿದು ಸುಮ್ಮನಾಗುತ್ತಾರೆ. ರಕ್ತ ನಿಂತರೆ ಮಾತು ಅಲ್ಲಿಗೆ ಮುಗಿಯಿತು. ನಿಲ್ಲದಿದ್ದರೆ ಮೆಡಿಕಲ್ ಸ್ಟೋರಿನ ಮುಲಾಮು, ಅದಕ್ಕೂ ಬಗ್ಗದಿದ್ದರೆ ಗೋಡೆಬರಹದ ‘ಆಪರೇಷನ್ ಇಲ್ಲದೆ ಗ್ಯಾರಂಟಿ’ ಎಂಬ ಫೋನ್ ನಂಬರು. ಹೆಂಡತಿಗೂ ಹೇಳದೆ ವರ್ಷಗಟ್ಟಲೆ ಸಾಗುವ ಈ ಗುಟ್ಟಿನ ಚಿಕಿತ್ಸೆಯಲ್ಲಿ ನಿಜವಾದ ಎರಡು ಕಾರಣಗಳತ್ತ ಯಾರ ಕಣ್ಣೂ ಹೋಗುವುದಿಲ್ಲ. ಒಂದು, ತಟ್ಟೆಯಿಂದ ಜಾರಿಹೋದ ನಾರು. ಇನ್ನೊಂದು, ಶೌಚಕ್ಕೆ ಹೊತ್ತು ಬಿಡದ ದುಡಿಮೆ. ಇವೆರಡನ್ನು ಸರಿಪಡಿಸದ ಯಾವ ಮನೆಮದ್ದೂ ಹೆಚ್ಚು ದಿನ ನಿಲ್ಲದು.

ಮೂಲವ್ಯಾಧಿ ಹೊರಗಿನಿಂದ ಬಂದು ಅಂಟಿಕೊಳ್ಳುವ ಗಂಟಲ್ಲ. ಗುದದ್ವಾರದ ಒಳಗೆ ರಕ್ತನಾಳಗಳಿಂದ ತುಂಬಿದ ಮೆತ್ತೆಯಂಥ ಭಾಗಗಳು ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತವೆ. ಗಾಳಿ, ನೀರು ಸೋರದಂತೆ ಮುಚ್ಚಿಡಲು ನೆರವಾಗುವುದು ಅವುಗಳ ಕೆಲಸ. ಈ ಮೆತ್ತೆಗಳನ್ನು ಹಿಡಿದಿಟ್ಟ ಎಳೆಗಳು ಸಡಿಲಗೊಂಡು ಅವು ಕೆಳಗೆ ಜಾರುವುದೇ ಕಾಯಿಲೆ ಎಂಬ ವಿವರಣೆಯನ್ನು ಬ್ರಿಟನ್ನಿನ ಶಸ್ತ್ರವೈದ್ಯ ಥಾಮ್ಸನ್ 1975ರಲ್ಲಿ ಮುಂದಿಟ್ಟರು. ವಯಸ್ಸಾದಂತೆ ಎಳೆಗಳು ತಾವಾಗಿಯೇ ಸಡಿಲಾಗುತ್ತವೆ; ಗಟ್ಟಿ ಮಲ, ಮುಕ್ಕುವುದು, ಬಹಳ ಹೊತ್ತು ಕೂರುವುದು ಅದನ್ನು ಬೇಗ ಮಾಡುತ್ತವೆ. ಒಳಗಿನ ಮೂಲವ್ಯಾಧಿ ಸಾಮಾನ್ಯವಾಗಿ ನೋಯುವುದಿಲ್ಲ, ಕೆಂಪು ರಕ್ತವಷ್ಟೇ ಕಾಣುತ್ತದೆ. ಮಲ ಹೋಗುವಾಗ ಬ್ಲೇಡಿನಿಂದ ಸೀಳಿದಂಥ ನೋವಿದ್ದರೆ ಅದು ಹೆಚ್ಚಾಗಿ ಗುದದ ಚರ್ಮ ಬಿರಿದ ಫಿಶರ್. ಎರಡನ್ನೂ ‘ಪೈಲ್ಸ್’ ಎಂದೇ ಕರೆಯುವುದರಿಂದ ಒಬ್ಬರ ಮದ್ದು ಇನ್ನೊಬ್ಬರಿಗೆ ಹತ್ತುವುದಿಲ್ಲ.

ಹಳೆಯ ಆರೋಪಿಗಳನ್ನು ಒಮ್ಮೆ ವಿಚಾರಣೆಗೆ ಕರೆಯೋಣ. ಇಟಲಿಯ ವೈದ್ಯರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 50 ಮಂದಿ ಮೂಲವ್ಯಾಧಿ ರೋಗಿಗಳಿಗೆ ಒಮ್ಮೆ ಮೆಣಸಿನಪುಡಿಯ ಕ್ಯಾಪ್ಸೂಲ್, ಇನ್ನೊಮ್ಮೆ ಖಾಲಿ ಕ್ಯಾಪ್ಸೂಲ್ ಕೊಟ್ಟು ನೋಡಿದರು. ರಕ್ತ, ನೋವು, ಉರಿ ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಫಿಶರ್ ಇದ್ದವರಿಗೆ ಖಾರ ಉರಿಯುವುದು ನಿಜ, ಗೊಂದಲದ ಮೂಲ ಅಲ್ಲಿರಬಹುದು. ಕೂತು ಮಾಡುವ ಕೆಲಸದ ಮೇಲಿನ ದೂರೂ ಅಷ್ಟು ಗಟ್ಟಿಯಲ್ಲ. 2015ರಲ್ಲಿ ಪ್ರಕಟವಾದ, 2,813 ಮಂದಿಯ ಅಮೆರಿಕದ ಅಧ್ಯಯನದಲ್ಲಿ ಮಲಬದ್ಧತೆ ಇದ್ದವರಲ್ಲಿ ಮೂಲವ್ಯಾಧಿ ಹೆಚ್ಚಿತ್ತು, ಧಾನ್ಯದ ನಾರು ಚೆನ್ನಾಗಿ ತಿನ್ನುವವರಲ್ಲಿ ಕಡಿಮೆಯಿತ್ತು. ಹೆಚ್ಚು ಕೂತಿರುವವರಲ್ಲಿ ಮಾತ್ರ ಹೆಚ್ಚಿರಲಿಲ್ಲ, ತುಸು ಕಡಿಮೆಯೇ ಇತ್ತು. ಕಮೋಡಿನ ಮೇಲೆ ಕೂರುವ ಕಥೆ ಬೇರೆ. ಬಾಸ್ಟನ್ನಿನಲ್ಲಿ 125 ಮಂದಿಯ ಮೇಲೆ ನಡೆದು 2025ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ, ಶೌಚಾಲಯದಲ್ಲಿ ಮೊಬೈಲ್ ನೋಡುವವರಿಗೆ ಮೂಲವ್ಯಾಧಿಯ ಸಾಧ್ಯತೆ ಶೇ 46ರಷ್ಟು ಹೆಚ್ಚು. ಕಾರಿನ ಸೀಟು ಕೆಳಗಿನಿಂದ ಆಸರೆ ಕೊಡುತ್ತದೆ. ಕಮೋಡಿನ ನಡುವೆ ಬರೀ ತೂತು, ಮೆತ್ತೆಗಳು ಜೋತುಬಿದ್ದು ರಕ್ತ ತುಂಬಿಕೊಳ್ಳುತ್ತವೆ. ಬಾಸ್ಟನ್ನಿನದು ಸಣ್ಣ ಅಧ್ಯಯನ. ತೊಂದರೆ ಇರುವವರೇ ಹೆಚ್ಚು ಹೊತ್ತು ಕೂರುತ್ತಾರೇನೋ ಎಂಬ ಅನುಮಾನಕ್ಕೂ ಎಡೆಯಿದೆ. ಆದರೂ ಮೊಬೈಲ್ ಹೊರಗಿಟ್ಟು ಹೋಗುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಇನ್ನು ದುಡಿಮೆ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಇಲ್ಲಿ ಶುರುವಾದ ಮೇಲೆ ಈ ತಾಲ್ಲೂಕಿನ ಗಂಡಸರ ದಿನಚರಿಯೇ ಬೇರೆಯಾಯಿತು. ಟ್ಯಾಕ್ಸಿ ಓಡಿಸುವವರು, ಸೆಕ್ಯುರಿಟಿಯವರು, ಸರಕು ಹೊರುವವರು ಹಗಲು ರಾತ್ರಿ ಎನ್ನದೆ ಪಾಳಿಯಲ್ಲಿ ದುಡಿಯುತ್ತಾರೆ. ದೊಡ್ಡ ಕರುಳು ಚುರುಕಾಗುವುದು ನಿದ್ದೆಯಿಂದ ಎದ್ದ ಮೇಲೆ, ಏನಾದರೂ ತಿಂದ ಮೇಲೆ. ಆ ಹೊತ್ತಿಗೆ ಟ್ರಿಪ್ಪಿನಲ್ಲೋ ಗೇಟಿನಲ್ಲೋ ಇರುವವನು ತಡೆದುಕೊಳ್ಳುತ್ತಾನೆ. ತಡೆದಷ್ಟೂ ಕರುಳು ಮಲದ ನೀರನ್ನು ಹೀರುತ್ತದೆ, ಮಲ ಗಟ್ಟಿಯಾಗುತ್ತದೆ, ಮರುದಿನ ಮುಕ್ಕಬೇಕಾಗುತ್ತದೆ. ಗಾಡಿ ನಿಲ್ಲಿಸಲು ಜಾಗವಿಲ್ಲವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ಕಷ್ಟ ಇಮ್ಮಡಿ. ಊಟದ ಲೆಕ್ಕವೂ ಏರುಪೇರಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಪರೋಟ ತಿನ್ನುವವನು ಆ ಗುರಿಯ ಹತ್ತಿರವೂ ಸುಳಿಯಲಾರ.

ಹಾಗಾದರೆ ರಾಗಿ ಮುದ್ದೆ ಉಂಡೇ ಬಾಳಿದ ಹಿರಿಯರಿಗೆ ಮೂಲವ್ಯಾಧಿ ಇರಲಿಲ್ಲವೇ? ಇತ್ತು. ಸುಶ್ರುತ ಸಂಹಿತೆ ‘ಅರ್ಶ’ಕ್ಕೆ ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ದಾರಿ ಹೇಳಿದೆ, ಇಲ್ಲದ ರೋಗಕ್ಕೆ ಅಷ್ಟು ಚಿಕಿತ್ಸೆ ಹುಟ್ಟುವುದಿಲ್ಲ. ನಾರು ಕಾಯಿಲೆಯನ್ನು ಬರದಂತೆಯೇ ತಡೆಯುತ್ತದೆಂದು ಹೇಳಲಾಗದು, ಬಂದದ್ದನ್ನು ತಗ್ಗಿಸುತ್ತದೆ ಎನ್ನುವುದಕ್ಕೆ ಪುರಾವೆಯಿದೆ. 378 ರೋಗಿಗಳಿದ್ದ ಏಳು ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಾಮರ್ಶೆಯಲ್ಲಿ, ನಾರು ಸೇವಿಸಿದವರಲ್ಲಿ ರಕ್ತಸ್ರಾವ ಮುಂದುವರಿಯುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿದಿತ್ತು. ‘ನಾನು ದಿನಾ ಮುದ್ದೆ ತಿಂತೀನಿ, ಆದರೂ ಬಂತಲ್ಲ’ ಎನ್ನುವವರಿಗೂ ಉತ್ತರ ಲೆಕ್ಕದಲ್ಲೇ ಇದೆ: 100 ಗ್ರಾಂ ಹಿಟ್ಟಿನ ಮುದ್ದೆ ಅರ್ಧ ದಾರಿಯನ್ನೂ ಮುಟ್ಟಿಸದು. ಜೊತೆಗೆ ಸೊಪ್ಪಿನ ಬಸ್ಸಾರು, ಹುರುಳಿಕಾಳು ಬೇಕು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಗಿಂತ ಸಿಪ್ಪೆ ಸಮೇತ ಬೇಯಿಸಿದ ಕಾಳು ಮೇಲು, ಏಕೆಂದರೆ ಹಿತಕಿ ಎಸೆಯುವ ಸಿಪ್ಪೆಯಲ್ಲೇ ನಾರು ಹೆಚ್ಚು. ಊರಿನ ಹೆಸರು ಹೊತ್ತ ಚಕ್ಕೋತವನ್ನು ಜ್ಯೂಸ್ ಮಾಡದೆ ತೊಳೆ ಬಿಡಿಸಿ ತಿನ್ನಬೇಕು. ಇದಾವುದೂ ಹೊಂದದ ಪಾಳಿಯವರಿಗೆ ದೊಡ್ಡ ಲೋಟ ನೀರಿನಲ್ಲಿ ಇಸಬ್‌ಗೋಲ್ ಇದೆ. ನಾರನ್ನು ಒಂದೇ ದಿನ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ನೀರಿಲ್ಲದೆ ತಿಂದರೆ ಮಲ ಇನ್ನೂ ಗಟ್ಟಿಯಾಗುತ್ತದೆ. ನಿಧಾನವಾಗಿ ಹೆಚ್ಚಿಸಿ ವಾರಗಟ್ಟಲೆ ಬಿಡದೆ ನಡೆಸಿದರಷ್ಟೇ ಫಲ.

ಉಷ್ಣದ ಲೆಕ್ಕಾಚಾರ ಬರೀ ಮೂಢನಂಬಿಕೆಯಾದರೆ ‘ತಂಪು’ ಮಾಡಿದ ಮೇಲೆ ಎಷ್ಟೋ ಮಂದಿಗೆ ವಾಸಿಯಾಗುವುದೇಕೆ ಎಂದು ಕೇಳಬಹುದು. ತಂಪಿನ ಪಟ್ಟಿಯನ್ನೇ ನೋಡಿ: ಅಂಬಲಿ, ಮಜ್ಜಿಗೆ, ಎಳನೀರು, ನೆನೆಸಿದ ಕಾಮಕಸ್ತೂರಿ ಬೀಜ. ಮೂರರಲ್ಲಿ ಬೇಕಾದಷ್ಟು ನೀರು, ನಾಲ್ಕನೆಯದರಲ್ಲಿ ಲೋಳೆಯಂಥ ನಾರು. ಚರಕ ಸಂಹಿತೆಯೂ ಅರ್ಶಕ್ಕೆ ಮಜ್ಜಿಗೆಯನ್ನು ಹೊಗಳುತ್ತದೆ. ಹಿರಿಯರ ಮದ್ದು ಸರಿ, ಕಾರಣ ಮಾತ್ರ ಬೇರೆ. ಕಾರಣ ತಿಳಿದರೆ ಎರಡು ದಿನದ ಉಪಚಾರ ದಿನನಿತ್ಯದ ರೂಢಿಯಾದೀತು. ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಹತ್ತು ಹದಿನೈದು ನಿಮಿಷ ಕೂತರೆ ನೋವು ಹಗುರಾಗುತ್ತದೆ, ಮೂಲವ್ಯಾಧಿ ಕರಗುವುದಿಲ್ಲ. ಮುಟ್ಟಿದರೆ ಮುನಿ ಸೊಪ್ಪಿನ ರಸ, ಲೇಪಗಳ ಪರವಾಗಿ ನಾರಿಗಿರುವಷ್ಟು ಪುರಾವೆ ಇಲ್ಲ.

ನೈಸರ್ಗಿಕ ಉಪಾಯಗಳಿಗೂ ಒಂದು ಷರತ್ತಿದೆ: ರಕ್ತ ಮೂಲವ್ಯಾಧಿಯದೇ ಎಂದು ಮೊದಲು ಖಚಿತವಾಗಬೇಕು. ಗುದನಾಳದ ಕ್ಯಾನ್ಸರಿನಲ್ಲೂ ರಕ್ತ ಬರುತ್ತದೆ. ತೂಕ ಇಳಿಯುತ್ತಿದ್ದರೆ, ಮಲ ಕಪ್ಪಾಗಿದ್ದರೆ, ಶೌಚದ ಕ್ರಮ ಬದಲಾಗಿ ವಾರಗಳೇ ಆಗಿದ್ದರೆ, ಸುಸ್ತು ಬಿಡದಿದ್ದರೆ, ಅಥವಾ ನಲವತ್ತೈದು ದಾಟಿದ ಮೇಲೆ ಮೊದಲ ಸಲ ರಕ್ತ ಕಂಡರೆ ಮುದ್ದೆ, ಮಜ್ಜಿಗೆ ನಂಬಿ ಕಾಯಬಾರದು. ಆಪರೇಷನ್ನಿನ ಹೆದರಿಕೆಯೇ ಹಲವರನ್ನು ಗೋಡೆಬರಹದ ಕಡೆಗೆ ತಳ್ಳುತ್ತದೆ. ಆದರೆ ಶಸ್ತ್ರವೈದ್ಯರ ಬಳಿ ಹೋದವರೆಲ್ಲರಿಗೂ ಕತ್ತರಿ ಬೀಳುವುದಿಲ್ಲ. ಎಷ್ಟೋ ಮಂದಿಗೆ ಊಟದ ಬದಲಾವಣೆ ಸಾಕು, ಇನ್ನು ಕೆಲವರಿಗೆ ಕೆಲವೇ ನಿಮಿಷದಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಕಳಿಸುತ್ತಾರೆ. ಕ್ಷಾರ ಸವರಿದ ದಾರದ ಚಿಕಿತ್ಸೆಯಾದ ಕ್ಷಾರಸೂತ್ರವನ್ನು ಓದಿ ಕಲಿತ ಆಯುರ್ವೇದ ಶಸ್ತ್ರವೈದ್ಯರು ಮಾಡುವುದು ಬೇರೆ, ಗೋಡೆಬರಹದವರು ಹೆಸರಿಲ್ಲದ ಇಂಜೆಕ್ಷನ್ ಚುಚ್ಚುವುದು ಬೇರೆ.

ಇಷ್ಟೆಲ್ಲ ತಿಳಿದ ಮೇಲೂ ಪಾಳಿಯ ಮನುಷ್ಯನೊಬ್ಬನೇ ತನ್ನ ಶಿಸ್ತಿನಿಂದ ಗೆಲ್ಲಬೇಕೆನ್ನುವುದು ಅರ್ಧ ನ್ಯಾಯ. ನೀರು ಕುಡಿ ಎಂದು ಹೇಳುವವರು ಗಾಡಿ ನಿಲ್ಲಿಸಲು ಜಾಗ, ಶುಚಿಯಾದ ಶೌಚಾಲಯ ಎಲ್ಲಿದೆ ಎಂದೂ ತೋರಿಸಬೇಕು. ಶೌಚದ ಕರೆ ಬಂದಾಗ ಹತ್ತು ನಿಮಿಷ ಬಿಡುವು ಕೊಡುವ ಮೇಲ್ವಿಚಾರಕ, ಅನ್ನದ ಜೊತೆ ಮುದ್ದೆ, ಕಾಳುಸಾರು ಇಡುವ ಕ್ಯಾಂಟೀನು, ದಾರಿಯುದ್ದಕ್ಕೂ ತೆರೆದಿರುವ ಶೌಚಾಲಯ, ಇವೂ ಚಿಕಿತ್ಸೆಯ ಪಟ್ಟಿಗೇ ಸೇರಬೇಕಾದವು. ಆ ಪಟ್ಟಿ ಕೇಳಿ ಪಡೆಯಬೇಕಾದರೆ ಗಂಡಸರು ಮೊದಲು ಈ ಕಾಯಿಲೆಯ ಹೆಸರನ್ನು ನಾಚಿಕೆ ಬಿಟ್ಟು ಬಾಯಲ್ಲಿ ಹೇಳಬೇಕು.