ವರ್ಷದ ಪಾಸೋ, ನಾಲ್ಕು ದಿನದ ಟಿಕೆಟ್ಟೋ?

ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೊರಡುವ ಮನೆಗಳಲ್ಲಿ ಟಿಕೆಟ್ ಕೊಳ್ಳುವ ಹೊತ್ತಿಗೆ ಒಂದು ಭಾಗಾಕಾರ ನಡೆದೇ ನಡೆಯುತ್ತದೆ. 2024ರಲ್ಲಿ ಅಲ್ಲಿನ ಒಂದು ದಿನದ ಟಿಕೆಟ್ಟಿಗೆ, ಯಾವ ಪಾರ್ಕು, ಯಾವ ದಿನ ಎಂಬುದನ್ನು ನೋಡಿಕೊಂಡು, ತೆರಿಗೆ ಬಿಟ್ಟು 109ರಿಂದ 189 ಡಾಲರ್ ಇತ್ತು. ಯಾವ ಊರಿನವರು ಬೇಕಾದರೂ ಕೊಳ್ಳಬಹುದಾದ ವಾರ್ಷಿಕ ಪಾಸು ಇನ್‌ಕ್ರೆಡಿ-ಪಾಸ್; ಅದರ ಬೆಲೆ ಅದೇ ವರ್ಷದ ಅಕ್ಟೋಬರ್‌ನಲ್ಲಿ 1,549 ಡಾಲರ್‌ಗೆ ಏರಿತು. ಭಾಗಿಸಿ ನೋಡಿದರೆ, ದುಬಾರಿ ದಿನಗಳಲ್ಲಾದರೆ ಒಂಬತ್ತು ಸಲ, ಅಗ್ಗದ ದಿನಗಳಲ್ಲಾದರೆ ಹದಿನೈದು ಸಲ ಹೋದರೆ ಪಾಸಿನ ದುಡ್ಡು ಹುಟ್ಟುತ್ತದೆ ಎನ್ನಿಸುತ್ತದೆ.

ಭಾಗಾಕಾರ ಸರಿಯಾಗಿದೆ, ಆದರೆ ಹೋಲಿಸಬೇಕಾದದ್ದನ್ನು ಹೋಲಿಸಿಲ್ಲ. ಒಂಬತ್ತು ದಿನ ಹೋಗುವವರು ಒಂಬತ್ತು ಬಿಡಿ ಟಿಕೆಟ್ ಕೊಳ್ಳುವುದಿಲ್ಲ. ಹಲವು ದಿನಗಳ ಒಂದೇ ಟಿಕೆಟ್ ಕೊಳ್ಳುತ್ತಾರೆ. ಆ ಟಿಕೆಟ್ಟಿನ ದರ ದಿನದಿಂದ ದಿನಕ್ಕೆ ಒಂದೇ ಸಮನಾಗಿ ಏರುವುದಿಲ್ಲ. ಮೊದಲ ಮೂರು ನಾಲ್ಕು ದಿನಗಳಿಗೆ ಕೈತುಂಬ ಕೊಡಬೇಕು. ಐದನೆಯ, ಆರನೆಯ ದಿನಕ್ಕೆ ಸೇರುವುದು ಅದರ ಒಂದು ಸಣ್ಣ ಪಾಲು. ಇದರ ಹಿಂದೆ ವ್ಯಾಪಾರದ ಲೆಕ್ಕವಿದೆ. ಆರ್ಲ್ಯಾಂಡೊ ಸುತ್ತ ಡಿಸ್ನಿಯೊಂದೇ ಇಲ್ಲ. ಸೀವರ್ಲ್ಡ್ 1973ರಲ್ಲಿ, ಯೂನಿವರ್ಸಲ್ 1990ರಲ್ಲಿ ಅಲ್ಲಿ ಬಾಗಿಲು ತೆರೆದವು. ಯೂನಿವರ್ಸಲ್‌ನ ಹೊಸ ಪಾರ್ಕು ಎಪಿಕ್ ಯೂನಿವರ್ಸ್ 2025ರ ಮೇ ತಿಂಗಳಲ್ಲಿ ಶುರುವಾಯಿತು. ವಾರದ ರಜೆಗೆ ಬಂದವರು ಐದನೆಯ ದಿನ ಪಕ್ಕದ ಪಾರ್ಕಿಗೆ ಹೋದರೆ ಊಟ, ಹೋಟೆಲು, ಆಟಿಕೆಯ ಖರ್ಚೂ ಅವರ ಜೊತೆಯಲ್ಲೇ ಹೋಗುತ್ತದೆ. ಐದನೆಯ ದಿನವನ್ನು ಅಗ್ಗ ಮಾಡಿದರೆ ಅವರು ಉಳಿಯುತ್ತಾರೆ.

ಲೆಕ್ಕ ತಿಳಿಯಾಗಲೆಂದು ಕೆಲವು ಸಂಖ್ಯೆಗಳನ್ನು ನಾವೇ ಇಟ್ಟುಕೊಳ್ಳೋಣ. ಐದು ದಿನದ ಟಿಕೆಟ್ಟಿಗೆ 550 ಡಾಲರ್, ಹತ್ತು ದಿನದ್ದಕ್ಕೆ 700, ಪಾಸಿಗೆ 1,549. ಒಂದೇ ಪ್ರವಾಸದಲ್ಲಿ ಹತ್ತು ದಿನ ಆಡಿದವರ ಖರ್ಚು 700. ಐದೈದು ದಿನದ ಎರಡು ಪ್ರವಾಸ ಮಾಡಿದವರ ಖರ್ಚು 1,100. ಅದೇ ಹತ್ತು ದಿನಗಳನ್ನು ವರ್ಷದುದ್ದಕ್ಕೂ ಚೆದುರಿಸಿ, ಒಂದೊಂದು ಭಾನುವಾರ ಹೋಗಿಬಂದವರು ಬಿಡಿ ಟಿಕೆಟ್ ಕೊಂಡರೆ 1,500ರ ಆಸುಪಾಸು. ದಿನ ಅಷ್ಟೇ, ಖರ್ಚು ಮೂರು ಬಗೆ. ಹಾಗಾಗಿ ವರ್ಷಕ್ಕೆ ಎಷ್ಟು ದಿನ ಹೋಗುತ್ತೇವೆ ಎಂದು ಕೇಳಿಕೊಂಡರೆ ಸಾಲದು, ಎಷ್ಟು ಸಲ ಊರು ಬಿಟ್ಟು ಹೋಗುತ್ತೇವೆ ಎಂದು ಕೇಳಿಕೊಳ್ಳಬೇಕು. ವಾರ್ಷಿಕ ಪಾಸು ಚೆದುರಿದ ದಿನಗಳವರಿಗಾಗಿ ಇರುವುದು. ಒತ್ತಾಗಿ ಕೂಡಿದ ದಿನಗಳವರಿಗೆ ಹಲವು ದಿನಗಳ ಟಿಕೆಟ್ಟೇ ಸಾಕು. ಈ ಅಧ್ಯಾಯದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ ಎನ್ನುತ್ತೇನೆ.

ಈ ಎರಡು ಗುಂಪುಗಳನ್ನು ಬೇರೆ ಮಾಡುವುದು ಟಿಕೆಟ್ಟಿನ ಅವಧಿ. ವಾಲ್ಟ್ ಡಿಸ್ನಿ ವರ್ಲ್ಡ್‌ನ ನಾಲ್ಕು ದಿನದ ಟಿಕೆಟ್ಟನ್ನು ಏಳು ದಿನಗಳೊಳಗೆ, ಹತ್ತು ದಿನದ್ದನ್ನು ಹದಿನಾಲ್ಕು ದಿನಗಳೊಳಗೆ ಬಳಸಿ ಮುಗಿಸಬೇಕು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಹೆಚ್ಚೆಂದರೆ ಐದು ದಿನದ ಟಿಕೆಟ್ ಸಿಗುತ್ತದೆ. ಹಿಂದೆ ಹೀಗಿರಲಿಲ್ಲ. ಸ್ವಲ್ಪ ಹೆಚ್ಚು ಕೊಟ್ಟರೆ ಎಂದಿಗೂ ಅವಧಿ ಮುಗಿಯದ ಟಿಕೆಟ್ ಫ್ಲಾರಿಡಾದಲ್ಲಿ ಸಿಗುತ್ತಿತ್ತು. ಹತ್ತು ದಿನದ್ದನ್ನು ಕೊಂಡು ಈ ವರ್ಷ ನಾಲ್ಕು, ಮೂರು ವರ್ಷ ಬಿಟ್ಟು ಉಳಿದ ಆರು ಎಂದು ಬಳಸಬಹುದಿತ್ತು. 2015ರಲ್ಲಿ ಅದನ್ನು ನಿಲ್ಲಿಸಿದರು. ದೂರದೂರಿನ, ಅಪರೂಪಕ್ಕೆ ಹೋಗುವ ಸಂಸಾರಗಳಿಗೆ ಅದಕ್ಕಿಂತ ಒಳ್ಳೆಯ ಟಿಕೆಟ್ ಇರಲಿಲ್ಲ. ಅದು ಹೋದದ್ದು ನಿಜವಾದ ನಷ್ಟ.

ಬಾಗಿಲಲ್ಲೇ ಒಟ್ಟಿಗೆ ದುಡ್ಡು ಪಡೆದು ಒಳಗೆ ಎಲ್ಲವನ್ನೂ ಬಿಟ್ಟಿ ಬಿಡುವ ಪದ್ಧತಿಗೂ ಒಂದು ಚರಿತ್ರೆಯಿದೆ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆದಾಗ ಪ್ರವೇಶಕ್ಕೆ ಒಂದು ಡಾಲರ್, ಒಳಗೆ ಆಟಕ್ಕೊಂದು ದರ. ಅದೇ ವರ್ಷ ಕೂಪನ್ ಪುಸ್ತಕಗಳು ಬಂದವು. ಎ ಕೂಪನ್ನಿಗೆ ಸಣ್ಣ ಆಟ. 1959ರಲ್ಲಿ ಸೇರಿದ ಇ ಕೂಪನ್ನಿಗೆ ಮ್ಯಾಟರ್‌ಹಾರ್ನ್‌ನಂಥ ದೊಡ್ಡ ಆಟ. ಪ್ರವೇಶಕ್ಕೆ ಎಷ್ಟು, ಆಟಕ್ಕೆ ಎಷ್ಟು ಎಂಬ ಪ್ರಶ್ನೆ ಅರ್ಥಶಾಸ್ತ್ರಜ್ಞ ವಾಲ್ಟರ್ ಓಯ್ ಅವರಿಗೆ ಎಷ್ಟು ಸ್ವಾರಸ್ಯವೆನಿಸಿತೆಂದರೆ 1971ರಲ್ಲಿ ಡಿಸ್ನಿಲ್ಯಾಂಡ್ ಹೆಸರಿಟ್ಟೇ ಒಂದು ಪ್ರಬಂಧ ಬರೆದರು. ಬೆಲೆ ಕಟ್ಟುವ ಶಾಸ್ತ್ರದಲ್ಲಿ ಅದನ್ನು ಇಂದಿಗೂ ಓದಿಸುತ್ತಾರೆ. 1982ರಲ್ಲಿ ಕೂಪನ್ ಹೋಗಿ, ದಿನವಿಡೀ ಎಲ್ಲ ಆಟಕ್ಕೂ ಒಂದೇ ಟಿಕೆಟ್ ಬಂತು. ಆಗ ಬಿಡಿ ಆಟದ ದರ ಇಲ್ಲವಾಯಿತು. ವಾರ್ಷಿಕ ಪಾಸಿನಲ್ಲಿ ಬಿಡಿ ದಿನದ ದರವೂ ಇಲ್ಲವಾಗುತ್ತದೆ. ಒಮ್ಮೆ ಕೊಟ್ಟಾದ ಮೇಲೆ ನಾಳೆಯ ಬೆಲೆ ಸೊನ್ನೆ.

ಆ ಸೊನ್ನೆಗೆ ಸೆಳೆತ ಹೆಚ್ಚು. ಅಮೆರಿಕದ ಜಿಮ್ ಸದಸ್ಯರ ಬಗ್ಗೆ ಸ್ಟೆಫಾನೊ ಡೆಲ್ಲಾವಿಗ್ನಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟುತ್ತಿದ್ದವರಿಗೆ ಒಂದೊಂದು ಭೇಟಿಗೂ 17 ಡಾಲರಿಗಿಂತ ಹೆಚ್ಚು ಬಿದ್ದಿತ್ತು; ಹತ್ತು ಭೇಟಿಯ ಚೀಟಿ ಕೊಂಡಿದ್ದರೆ ಭೇಟಿಗೆ ಹತ್ತೇ ಡಾಲರ್ ಆಗುತ್ತಿತ್ತು. ಹಣ ಕಟ್ಟುವ ದಿನ ನಾವು ನೆನೆಯುವುದು ಉತ್ಸಾಹ ತುಂಬಿದ ಮುಂದಿನ ದಿನಗಳನ್ನು. ಮಕ್ಕಳ ಪರೀಕ್ಷೆ, ಆಫೀಸಿನ ಗಡುವು, ಜ್ವರ, ಮಳೆ ಯಾವುದೂ ಆ ಹೊತ್ತಿಗೆ ನೆನಪಾಗುವುದಿಲ್ಲ. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಬಲ್ಲ ದಿನಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಹೋದರೂ ಹೋಗಬಹುದು ಎನ್ನುವ ದಿನಗಳನ್ನು ಬಿಟ್ಟುಬಿಡಿ.

ಪಾಸಿನ ಮೇಲಿನ ಮಾತನ್ನೂ ಎಚ್ಚರದಿಂದ ಓದಬೇಕು. ಕೋವಿಡ್ ಕಾಲದಲ್ಲಿ ಮುಚ್ಚಿದ್ದ ಡಿಸ್ನಿಲ್ಯಾಂಡ್ 2021ರ ಜನವರಿಯಲ್ಲಿ ಹಳೆಯ ಪಾಸುಗಳನ್ನು ರದ್ದು ಮಾಡಿ, ಆಗಸ್ಟ್‌ನಲ್ಲಿ ಮ್ಯಾಜಿಕ್ ಕೀ ಎಂಬ ಹೊಸದನ್ನು ತಂದಿತು. ಅದರಲ್ಲಿ ಆಗ ಎಲ್ಲಕ್ಕಿಂತ ದುಬಾರಿಯದು ಡ್ರೀಮ್ ಕೀ ಆಗಿತ್ತು. ಪಾಸು ನಡೆಯದ ನಿಷೇಧದ ದಿನಗಳೇ ಇಲ್ಲ ಎಂಬುದು ಅದರ ಭರವಸೆಯಾಗಿತ್ತು. ಆದರೆ ಹೋಗುವ ದಿನವನ್ನು ಮೊದಲೇ ಕಾಯ್ದಿರಿಸಬೇಕಿತ್ತು, ಬೇಕಾದ ದಿನಕ್ಕೆ ಜಾಗ ಸಿಗದೆ ಹೋಗುತ್ತಿತ್ತು. ಪಾಸುದಾರರ ಪರವಾಗಿ ಹೂಡಿದ ಮೊಕದ್ದಮೆ 2023ರಲ್ಲಿ 95 ಲಕ್ಷ ಡಾಲರ್ ಪರಿಹಾರದ ಒಪ್ಪಂದಕ್ಕೆ ಬಂತು. ಫ್ಲಾರಿಡಾದಲ್ಲಿ 2024ರ ಜನವರಿಯಿಂದ ದಿನಾಂಕದ ಟಿಕೆಟ್ ಕೊಂಡವರಿಗೆ ಕಾಯ್ದಿರಿಸುವ ಗೋಜಿಲ್ಲ. ಪಾಸುದಾರರಿಗೆ ಕೆಲವು ಸಂದರ್ಭಗಳಲ್ಲಿ ಅದು ಉಳಿದೇ ಇದೆ. ಹೆಚ್ಚು ಕೊಟ್ಟವರಿಗೇ ಹೆಚ್ಚು ಕಟ್ಟಳೆ! ರಜೆಯ ತಾರೀಕು ಮೊದಲೇ ನಿಗದಿಯಾಗಿರುವವರು ಇದನ್ನು ಬೆಲೆಯಷ್ಟೇ ಮುಖ್ಯವೆಂದು ಎಣಿಸಬೇಕು.

ಹತ್ತಿರದಲ್ಲೇ ಇರುವವರ ಮಾತು ಬೇರೆ. ಆರ್ಲ್ಯಾಂಡೊ, ಟ್ಯಾಂಪಾಗಳಲ್ಲಿ ನೆಲೆಸಿದ ಕನ್ನಡ ಕುಟುಂಬ ಶನಿವಾರ ಮಧ್ಯಾಹ್ನ ಹೊರಟು, ಎರಡು ಆಟ ಆಡಿ, ಪಟಾಕಿ ನೋಡಿಕೊಂಡು ರಾತ್ರಿ ಮನೆ ಸೇರಬಹುದು. ಪಾಸು ಇದ್ದರೆ ದುಡ್ಡಿಗೆ ತಕ್ಕಷ್ಟು ಆಡಲೇಬೇಕೆಂಬ ಹಟವಿಲ್ಲ. ಮಗು ಅತ್ತರೆ ತಕ್ಷಣ ವಾಪಸು ಹೊರಡಬಹುದು. ನನ್ನ ದೃಷ್ಟಿಯಲ್ಲಿ ಪಾಸಿನ ದೊಡ್ಡ ಲಾಭ ಈ ನಿರಾಳ. ಫ್ಲಾರಿಡಾ ನಿವಾಸಿಗಳಿಗೆ ಇನ್‌ಕ್ರೆಡಿ-ಪಾಸ್‌ಗಿಂತ ಅಗ್ಗದ ಪಾಸುಗಳಿವೆ, ಕಂತಿನಲ್ಲಿ ಕಟ್ಟುವ ಅವಕಾಶವಿದೆ. ಅವರಿಗೆಂದೇ ಆಗಾಗ ಬರುವ ಮೂರು ನಾಲ್ಕು ದಿನದ ಟಿಕೆಟ್ಟುಗಳಿಗೆ ತಿಂಗಳುಗಟ್ಟಲೆ ಅವಧಿಯಿರುತ್ತದೆ. ವರ್ಷಕ್ಕೆ ನಾಲ್ಕೇ ಸಲ ಹೋಗುವ ಸ್ಥಳೀಯರು ಪಾಸಿಗೆ ಮೊದಲು ಇದನ್ನು ನೋಡಬೇಕು.

ದೂರದವರಿಗೂ ಪಾಸು ಒಗ್ಗುವ ಒಂದು ದಾರಿಯಿದೆ. ಪಾಸಿನ ವರ್ಷ ಶುರುವಾಗುವುದು ಮೊದಲ ಸಲ ಒಳಗೆ ಕಾಲಿಟ್ಟ ದಿನದಿಂದ. ಪ್ರತಿವರ್ಷ ನವೆಂಬರ್‌ನಲ್ಲಿ ಹೋಗುವವರು ಮುಂದಿನ ಸಲದ್ದನ್ನು ಒಂದೆರಡು ವಾರ ಹಿಂದಕ್ಕೆ ತಂದುಕೊಂಡರೆ ಎರಡು ಪ್ರವಾಸವೂ ಒಂದೇ ಪಾಸಿನೊಳಗೆ ಬರುತ್ತವೆ. ನಡುವೆ ಮೂರನೆಯದು ಸೇರಿದರೆ ಲಾಭ ಖಚಿತ. ಕಾರಿನ ಪಾರ್ಕಿಂಗ್, ಒಂದೇ ದಿನ ಹಲವು ಪಾರ್ಕು ಸುತ್ತುವ ಅನುಕೂಲ ಪಾಸಿನಲ್ಲಿ ಸೇರಿರುತ್ತವೆ, ಹೋಟೆಲ್ಲಿಗೂ ಅಂಗಡಿಗೂ ರಿಯಾಯಿತಿ ಸಿಗುತ್ತದೆ. ಮನೆಯಲ್ಲಿ ಒಬ್ಬರು ಪಾಸು ಕೊಂಡು ಉಳಿದವರು ಟಿಕೆಟ್ ಕೊಂಡರೂ ಪಾರ್ಕಿಂಗ್ ಉಳಿಯುತ್ತದೆ. ಬೇಡದ ಸಾಮಾನಿನ ಮೇಲಿನ ರಿಯಾಯಿತಿಯನ್ನು ಮಾತ್ರ ಉಳಿತಾಯದಲ್ಲಿ ಸೇರಿಸಬೇಡಿ.

ಕರ್ನಾಟಕದಿಂದ ಮಗನ ಮನೆಗೋ ಮಗಳ ಮನೆಗೋ ಆರು ತಿಂಗಳಿಗೆಂದು ಹೋಗುವ ಅಪ್ಪ ಅಮ್ಮಂದಿರ ವಿಷಯವನ್ನು ಬೇರೆಯಾಗಿ ಹೇಳಬೇಕು. ಮಗನಲ್ಲಿ ಪಾಸಿದ್ದರೂ ಅದು ಅವನ ಹೆಸರಿನದು, ಅಮ್ಮನ ಕೈಗೆ ಕೊಟ್ಟು ಕಳಿಸಲಾಗದು. ಮಗನ ಮನೆ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದರೆ, ಅಲ್ಲಿಂದ ಡಿಸ್ನಿಲ್ಯಾಂಡ್ ಸುಮಾರು 600 ಕಿಲೋಮೀಟರ್. ಆರು ತಿಂಗಳಿದ್ದರೂ ಹಿರಿಯರು ಅಲ್ಲಿಗೆ ಹೋಗುವುದು ಒಂದೇ ಸಲ. ಅವರಿಗೆ ಹಲವು ದಿನದ ಟಿಕೆಟ್ಟೇ ಸರಿ. ಟಿಕೆಟ್ಟಿನ ದಿನಗಳಿಗಿಂತ ಅವಧಿ ಉದ್ದವಿರುವುದು ಇಲ್ಲಿ ವರವಾಗುತ್ತದೆ: ಒಂದು ದಿನ ನಡೆದಾಡಿ, ಮರುದಿನ ಕಾಲು ಚಾಚಿ ಮಲಗಿ, ಮೂರನೆಯ ದಿನ ಮತ್ತೆ ಹೋಗಬಹುದು. ಮೊಮ್ಮಗುವಿಗೆ ಮೂರು ತುಂಬಿಲ್ಲದಿದ್ದರೆ ಟಿಕೆಟ್ ಬೇಡ. ಮೂರರಿಂದ ಒಂಬತ್ತರವರೆಗಿನ ಮಕ್ಕಳ ಟಿಕೆಟ್ ಸ್ವಲ್ಪ ಅಗ್ಗ. ಆದರೆ ವಾಲ್ಟ್ ಡಿಸ್ನಿ ವರ್ಲ್ಡ್‌ನ ವಾರ್ಷಿಕ ಪಾಸಿಗೆ ಮಕ್ಕಳ ದರವಿಲ್ಲ, ಮೂರು ವರ್ಷದವರಿಗೂ ದೊಡ್ಡವರ ಬೆಲೆಯೇ.

ಇನ್ನೂ ಮನಸ್ಸು ಗಟ್ಟಿಯಾಗದವರು ಮೊದಲು ಹಲವು ದಿನದ ಟಿಕೆಟ್ ಕೊಂಡು ಹೋಗಲಿ. ಮತ್ತೆ ಬರುವುದು ಖಂಡಿತ ಎನ್ನಿಸಿದರೆ, ಅದರ ಅವಧಿ ಮುಗಿಯುವ ಮೊದಲು ಪಾರ್ಕಿನ ಗೆಸ್ಟ್ ರಿಲೇಶನ್ಸ್ ಕೌಂಟರಿನಲ್ಲಿ ಉಳಿದ ಹಣ ಕಟ್ಟಿ ಪಾಸಿಗೆ ಬದಲಾಯಿಸಿಕೊಳ್ಳಬಹುದು. ಆಗ ಪಾಸಿನ ವರ್ಷ ಆ ಟಿಕೆಟ್ಟನ್ನು ಮೊದಲು ಬಳಸಿದ ದಿನದಿಂದಲೇ ಎಣಿಕೆಯಾಗುತ್ತದೆ. ಆ ಹೊತ್ತಿಗೆ ಪಾಸುಗಳ ಮಾರಾಟ ನಡೆಯುತ್ತಿದೆಯೇ ಎಂದು ಹೊರಡುವ ಮೊದಲೇ ನೋಡಿಕೊಂಡಿರಬೇಕು: 2021ರ ನವೆಂಬರ್‌ನಿಂದ 2023ರ ಏಪ್ರಿಲ್‌ವರೆಗೆ ಫ್ಲಾರಿಡಾದಲ್ಲಿ ಹೊರಗಿನವರಿಗೆ ಹೊಸ ಪಾಸು ಮಾರುತ್ತಲೇ ಇರಲಿಲ್ಲ.