ಎಂಟಕ್ಕೆ ಎಂಟು

ಪರೀಕ್ಷೆಯಲ್ಲಿ ನಾವು ನೂರಕ್ಕೆ ನೂರು ಅಂಕ ಪಡೆಯಲು ಪಕ್ಕದವನು ತಪ್ಪಬೇಕಾಗಿಲ್ಲ. ಎದುರಾಳಿಯೂ ತಪ್ಪಿದಾಗ ಮಾತ್ರ ಪೂರ್ಣಾಂಕ ದೊರೆಯುವ ಆಟವೊಂದುಂಟು. ಅದೇ ಕರ್ಲಿಂಗ್.

ಸ್ಕಾಟ್ಲೆಂಡಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಬೆಳೆದ ಈ ಆಟ ಇಂದು ಕೆನಡಾದಲ್ಲಿ ಬಹು ಜನಪ್ರಿಯವಾಗಿದೆ. ತಂಡಕ್ಕೆ ನಾಲ್ವರು, ಪ್ರತಿ ಸುತ್ತಿನಲ್ಲಿ ಒಬ್ಬೊಬ್ಬರಿಗೆ ಎರಡು ಕಲ್ಲು. ಸುಮಾರು 20 ಕಿಲೋಗ್ರಾಂ ತೂಕದ ಗ್ರಾನೈಟ್ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಸಿ, 38 ಮೀಟರು ದೂರದಲ್ಲಿ ಕೇಂದ್ರವುಳ್ಳ ವೃತ್ತದೊಳಗೆ ನಿಲ್ಲಿಸಬೇಕು. ಆ ವೃತ್ತದ ವ್ಯಾಸ 3.66 ಮೀಟರು. ಎದುರಾಳಿಯ ಅತಿ ಸಮೀಪದ ಕಲ್ಲಿಗಿಂತಲೂ ಕೇಂದ್ರಕ್ಕೆ ಹತ್ತಿರವಿರುವ ಕಲ್ಲುಗಳಿಗೆ ಮಾತ್ರ ಒಂದೊಂದು ಅಂಕ. ಎಂಟು ಕಲ್ಲುಗಳಿಗೂ ಅಂಕ ಬಂದರೆ ಅದೇ ಅಪೂರ್ವವಾದ 'ಎಯ್ಟ್ ಎಂಡರ್'.

ಕಲ್ಲನ್ನು ಗುರಿಮುಟ್ಟಿಸುವುದು ಸುಲಭವಲ್ಲ. ಮಂಜುಗಡ್ಡೆಯ ಮೇಲೆ ನೀರಿನ ಹನಿ ಸಿಂಪಡಿಸಿ ಸಣ್ಣ ಉಬ್ಬುಗಳನ್ನು ಮಾಡಿರುತ್ತಾರೆ. ಮೆಲ್ಲನೆ ತಿರುಗಿಸಿ ಬಿಟ್ಟ ಕಲ್ಲು ಅವುಗಳ ಮೇಲೆ ಬಾಗಿ ಸಾಗುವುದು. ಬೋರಲಿಟ್ಟ ಲೋಟವನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸಿ ಮೇಜಿನ ಮೇಲೆ ತಳ್ಳಿದರೆ ಅದು ಎಡಕ್ಕೆ ಸರಿಯುತ್ತದೆ. ಹಾಗೆಯೇ ತಿರುಗುವ ಈ ಕಲ್ಲಾದರೋ ಬಲಕ್ಕೆ ಸರಿಯುತ್ತದೆ! ಇದರ ಕಾರಣದ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಜೊತೆಯ ಆಟಗಾರರು ಮುಂದೆ ಮುಂದೆ ಬ್ರಷ್ಷಿನಿಂದ ಉಜ್ಜುತ್ತಾರೆ. ಉಜ್ಜಿದ ಮಂಜುಗಡ್ಡೆ ತುಸು ಬಿಸಿಯೇರಿ, ಘರ್ಷಣೆ ತಗ್ಗಿ, ಕಲ್ಲು ಹೆಚ್ಚು ದೂರ, ಹೆಚ್ಚು ನೇರವಾಗಿ ಹೋಗುತ್ತದೆ.

ಈಗ ಒಂದು ಲೆಕ್ಕ ಹಾಕೋಣ. ನಮ್ಮ ತಂಡದ ಯತ್ನ ಹತ್ತರಲ್ಲಿ ಎಂಟು ಬಾರಿ ಫಲಿಸುವುದೆಂದು ಊಹಿಸಿದರೆ, ಎಂಟು ಕಲ್ಲುಗಳೂ ಫಲಿಸುವ ಸಂಭವ 0.8 ರ ಎಂಟನೆಯ ಘಾತ. ಎಂದರೆ ಸುಮಾರು ಆರರಲ್ಲಿ ಒಂದು. ಇಷ್ಟೇ ಆಗಿದ್ದರೆ ಇದರಲ್ಲಿ ಅಚ್ಚರಿಯೇನಿತ್ತು? ಆದರೆ ನಡುನಡುವೆ ಎದುರಾಳಿಯ ಎಂಟು ಕಲ್ಲುಗಳೂ ಬರುತ್ತವೆ. ಅವುಗಳಲ್ಲಿ ಒಂದು ಕೇಂದ್ರದ ಬಳಿ ನಿಂತರೂ, ನಮ್ಮದೊಂದನ್ನು ಹೊಡೆದು ಹೊರದೂಡಿದರೂ ಪೂರ್ಣಾಂಕ ತಪ್ಪಿತು. ಪ್ರತಿಯೊಂದೂ ವ್ಯರ್ಥವಾಗುವ ಸಂಭವ ಅರ್ಧವೆಂದರೂ, ಎಂಟೂ ವ್ಯರ್ಥವಾಗುವ ಸಂಭವ 256 ರಲ್ಲಿ ಒಂದೇ. ಎರಡನ್ನೂ ಗುಣಿಸಿದರೆ ಸುಮಾರು 1,500 ರಲ್ಲಿ ಒಂದು. ಎದುರಾಳಿ ನಿಪುಣನಾದಷ್ಟೂ ಈ ಸಂಭವ ಕುಗ್ಗುತ್ತ ಹೋಗುವುದು.

ಆದರೂ ಅದು ಸೊನ್ನೆಯಾಗದು. 2006 ರ ಪ್ಲೇಯರ್ಸ್ ಚಾಂಪಿಯನ್‌ಷಿಪ್ ಪಂದ್ಯಾವಳಿಯಲ್ಲಿ ಕೆನಡಾದ ಕೆಲ್ಲಿ ಸ್ಕಾಟ್ ಅವರ ತಂಡ ಜೆನಿಫರ್ ಜೋನ್ಸ್ ಅವರ ತಂಡದ ವಿರುದ್ಧ ಎಂಟಕ್ಕೆ ಎಂಟು ಗಳಿಸಿತು. ಅಂದು ಎಂಟನ್ನು ಬಿಟ್ಟುಕೊಟ್ಟ ಜೋನ್ಸ್ 2008 ರಲ್ಲಿ ವಿಶ್ವವಿಜೇತೆಯಾದರು; 2014 ರಲ್ಲಿ ಒಲಿಂಪಿಕ್ ಚಿನ್ನವನ್ನೂ ಗೆದ್ದರು. ಪೂರ್ಣಾಂಕವೊಂದೇ ಸಾಮರ್ಥ್ಯದ ಅಳತೆಯಲ್ಲ. ಒಂದು ಸುತ್ತಿನ ಸೊನ್ನೆಯೂ ಅಲ್ಲ.